ಆಯಿಲ್ ಕ್ಯಾಪ್‌ನಲ್ಲಿ ಬೆಣ್ಣೆ, ಘಾಟಿ ಇಳಿದರೆ ನೀಲಿ ಹೊಗೆ: ಪಿಸಿವಿ ವಾಲ್ವ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜು. ಮಳೆಗಾಲ ಹಿಡಿದುಕೊಂಡಿತು ಅಂದರೆ ಫೋನು ಶುರು: "ಆಯಿಲ್ ಕ್ಯಾಪ್ ಬಿಚ್ಚಿದ್ರೆ ಒಳಗೆ ಬೆಣ್ಣೆ ಕಟ್ಟಿದೆ ಮಾರಾಯ್ರೆ, ಎಂಜಿನ್ ಹೋಯ್ತಾ?" ಹೆಚ್ಚಿನ ಸಲ ಎಂಜಿನ್ ಹೋಗಿರುವುದಿಲ್ಲ. ಹೆಬ್ಬೆರಳಿನಷ್ಟು ಉದ್ದದ ಒಂದು ವಾಲ್ವು, ಅದಕ್ಕೆ ಸಿಕ್ಕಿಸಿದ ಒಂದು ರಬ್ಬರ್ ಪೈಪು, ಇವೆರಡನ್ನು ಯಾರೂ ನೋಡಿರುವುದಿಲ್ಲ, ಅಷ್ಟೆ. ಅದನ್ನು ನೋಡದೆ ಎಂಜಿನ್ ಬಿಚ್ಚಿಸಿ ದುಡ್ಡು ಸುರಿದವರನ್ನು ಕಂಡು ಬೇಜಾರಾಗಿ ಇದನ್ನು ಬರೆದಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

ಪಿಸಿವಿ ವಾಲ್ವ್ ಅಂದ್ರೆ ಎಂತದು? ನಮ್ಮ ಗಾಡಿಯಲ್ಲಿ ಎಲ್ಲಿರುತ್ತೆ?

ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್ ಅನ್ನುವುದರ ಮೊದಲಕ್ಷರಗಳು. ಕ್ರ್ಯಾಂಕ್‌ಕೇಸ್ ಅಂದರೆ ನಾವು ಚೇಂಬರ್ ಅನ್ನುತ್ತೇವಲ್ಲ, ಕ್ರ್ಯಾಂಕ್ ತಿರುಗುವ, ಆಯಿಲ್ ನಿಲ್ಲುವ ಎಂಜಿನ್ನಿನ ಕೆಳಹೊಟ್ಟೆ. ಅಲ್ಲಿ ಸೇರಿಕೊಳ್ಳುವ ಕೆಟ್ಟ ಗಾಳಿಯನ್ನು ಎಳೆದು ಮತ್ತೆ ಎಂಜಿನ್ನಿಗೇ ಕೊಟ್ಟು ಸುಡಿಸುವ ಏರ್ಪಾಡು ಇದು. ಪೆಟ್ರೋಲ್ ಕಾರಾದರೆ ಸಾಮಾನ್ಯವಾಗಿ ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಮೇಲೆ, ಗ್ರೋಮೆಟ್ ಅನ್ನುವ ರಬ್ಬರ್ ಬಳೆಯಲ್ಲಿ ಒತ್ತಿ ಕೂರಿಸಿರುತ್ತಾರೆ. ಅಲ್ಲಿಂದ ಒಂದು ಪೈಪು ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ, ಹೋಗುತ್ತದೆ. ಟ್ಯಾಪೆಟ್ ಕವರಿನ ಇನ್ನೊಂದು ಕಡೆಯಿಂದ ಏರ್ ಫಿಲ್ಟರ್ ಡಬ್ಬದ ಕಡೆಗೆ ಹೋಗುವ ಮತ್ತೊಂದು ಪೈಪು ಬ್ರೀದರ್. ಬ್ರೀದರಿನಲ್ಲಿ ಒಳ್ಳೆ ಗಾಳಿ ಒಳಗೆ, ವಾಲ್ವಿನ ಪೈಪಿನಲ್ಲಿ ಕೆಟ್ಟ ಗಾಳಿ ಹೊರಗೆ. ಅಡುಗೆಮನೆಗೆ ಕಿಟಕಿಯೂ ಬೇಕು, ಹೊಗೆಗಂಡಿಯೂ ಬೇಕು ಅಂದ ಹಾಗೆ.

ಈಚಿನ ಕೆಲವು ಗಾಡಿಗಳಲ್ಲಿ ವಾಲ್ವ್ ಬೇರೆಯಾಗಿ ಕಾಣುವುದೇ ಇಲ್ಲ, ಟ್ಯಾಪೆಟ್ ಕವರಿನೊಳಗೇ ಸೇರಿಸಿಬಿಟ್ಟಿರುತ್ತಾರೆ. ಕೆಟ್ಟರೆ ಇಡೀ ಕವರೇ ತರಬೇಕು. ಇದು ಯಾರ ತಲೆಗೆ ಹೊಳೆಯಿತೋ ಗೊತ್ತಿಲ್ಲ, ನನಗಂತೂ ಇಷ್ಟವಿಲ್ಲ.

ಬ್ಯಾಕ್ ಕಂಪ್ರೆಷನ್ ಇದೆ ಅಂದ್ರೆ ರಿಂಗ್ ಹೋಗಿದೆ ಅಂತಲೇ ಅಲ್ವಾ?

ಅಲ್ಲ. ಸಿಲಿಂಡರಿನ ಗ್ಯಾಸು ಪಿಸ್ಟನ್ ಪಕ್ಕದಿಂದ ಚೇಂಬರಿಗೆ ಇಳಿಯುವುದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಶೋರೂಮಿನಿಂದ ಈಗಷ್ಟೇ ಬಂದ ಗಾಡಿಯಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಪಿಸ್ಟನ್ನಿನ ಸುತ್ತ ತೊಡಿಸಿದ ರಿಂಗಿಗೆ ಬಾಯಿ ಇದೆ, ಆ ಸಂದಿ ಇಲ್ಲದಿದ್ದರೆ ಬಿಸಿಗೆ ಹಿಗ್ಗಿದಾಗ ರಿಂಗು ಸಿಲಿಂಡರಿನ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ. ಮೇಲೆ ಪೆಟ್ರೋಲ್ ಸ್ಫೋಟಿಸುವಾಗ ಆ ಸಂದಿಯಲ್ಲಿ ಒಂಚೂರು ಗ್ಯಾಸು ಕೆಳಗೆ ನುಸುಳುತ್ತದೆ. ಅದರಲ್ಲಿ ಅರೆಬೆಂದ ಪೆಟ್ರೋಲ್ ಆವಿ ಇದೆ, ಹೊಗೆ ಇದೆ, ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಆವಿ ಇದೆ.

ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಇದೆಲ್ಲ ಚೇಂಬರಿನಲ್ಲೇ ಕುದಿಯುತ್ತ ಒತ್ತಡ ಏರಿಸುತ್ತದೆ. ದಾರಿ ಕಟ್ಟಿಕೊಂಡ ಎಂಜಿನ್ನಿನ ಆಯಿಲ್ ಕ್ಯಾಪ್ ತೆಗೆದರೆ ಬುಸ್ ಅನ್ನುತ್ತದೆ. ಅದನ್ನು ನೋಡಿ "ರಿಂಗ್ ಹೋಗಿದೆ, ಹಾಫ್ ಎಂಜಿನ್ (ಬಿಚ್ಚಿ ರಿಂಗ್ ಹಾಕುವ ಕೆಲಸ) ಮಾಡಿಸಿ" ಅಂದುಬಿಡುವುದು ಸುಲಭ. ನಿಜವಾಗಿ ಹೋಗಿರಲೂಬಹುದು. ಆದರೆ ಮೊದಲು ವಾಲ್ವ್ ನೋಡಿ, ಆಮೇಲೆ ಕಂಪ್ರೆಷನ್ ಗೇಜು ಹಾಕಿ ಅಳೆಯಿರಿ. ಅಳೆಯದೆ ಎಂಜಿನ್ ಇಳಿಸಬೇಡಿ.

ಒಂದು ಪೈಪ್ ಹಾಕಿ ಕೆಳಗೆ ರೋಡಿಗೆ ಬಿಟ್ಟರೆ ಮುಗೀತಲ್ಲ?

ಹಿಂದೆ ಹಾಗೇ ಬಿಡುತ್ತಿದ್ದರು. ರೋಡ್ ಡ್ರಾಫ್ಟ್ ಟ್ಯೂಬ್ ಅಂತ ಒಂದು ಕೊಳವೆ ಗಾಡಿಯ ಕೆಳಗೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಗಾಡಿ ಓಡುವಾಗ ಬೀಸುವ ಗಾಳಿಯೇ ಒಳಗಿನದನ್ನು ಎಳೆಯುತ್ತಿತ್ತು. ಗಾಡಿ ನಿಂತರೆ ಎಳೆತವೂ ನಿಂತಿತು.

ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ಗಾಡಿಗಳು ಹೊಳೆಗಿಳಿದು ದಾಟಬೇಕಾದಾಗ ಈ ಬಾಯಿ ತೊಂದರೆ ಕೊಟ್ಟಿತು: ಅಲ್ಲಿಂದಲೇ ನೀರು ಎಂಜಿನ್ನಿಗೆ ಹೋಗುತ್ತದೆ. ಹಾಗಾಗಿ ಬಾಯಿ ಮುಚ್ಚಿ, ಗಾಳಿಯನ್ನು ಮ್ಯಾನಿಫೋಲ್ಡಿಗೆ ತಿರುಗಿಸುವ ವಾಲ್ವ್ ಬಂತು. ನಮ್ಮ ತೋಟದ ದಾರಿಗಳಲ್ಲಿ ದೇವರ ಹಾಗೆ ಪೂಜೆ ಮಾಡಿಸಿಕೊಳ್ಳುವ ಹಳೇ ವಿಲ್ಲಿಸ್ ಜೀಪಿನ ಯುದ್ಧಕಾಲದ ಮಾಡೆಲ್ಲಿನಲ್ಲಿ ಈ ವಾಲ್ವ್ ಇತ್ತು.

ಕಾರುಗಳಿಗೆ ಬಂದದ್ದು ಹೊಗೆಯ ಕಾಟಕ್ಕೆ. ಲಾಸ್ ಏಂಜಲೀಸ್ ಊರಿನ ಮೇಲೆ ಕವಿಯುತ್ತಿದ್ದ ಕಣ್ಣುರಿಯ ಮಂಜಿಗೆ ಗಾಡಿಗಳಿಂದ ಬರುವ ಪೆಟ್ರೋಲ್ ಆವಿಯೂ ಕಾರಣ ಅಂತ 1950ರ ದಶಕದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ಆಗಿನ ಕಾರು ಉಗುಳುತ್ತಿದ್ದ ಇಂಧನದ ಆವಿಯಲ್ಲಿ ಸುಮಾರು ಐದನೇ ಒಂದು ಪಾಲು ಸೈಲೆನ್ಸರಿನಿಂದಲ್ಲ, ಈ ಕೊಳವೆಯಿಂದ ಬರುತ್ತಿತ್ತು. 1961ರ ಮಾಡೆಲ್ಲಿನಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಕಾರುಗಳಿಗೆ, 1963ರ ಹೊತ್ತಿಗೆ ಅಮೆರಿಕದ ಉಳಿದ ಕಡೆಯೂ ಪಿಸಿವಿ ಬಂತು. ಈಗ ನಮ್ಮಲ್ಲೂ ಹೊಸ ಪೆಟ್ರೋಲ್ ಕಾರಿನ ಚೇಂಬರ್ ಗ್ಯಾಸು ಹೊರಗೆ ಬರುವ ಹಾಗಿಲ್ಲ. ಪೈಪ್ ಕಿತ್ತು ಕೆಳಗೆ ಬಿಟ್ಟರೆ ಕಾನೂನಿನ ಮಾತು ಒತ್ತಟ್ಟಿಗಿರಲಿ, ಕಾರಿನೊಳಗೆ ಪೆಟ್ರೋಲ್, ಸುಟ್ಟ ಆಯಿಲ್ ವಾಸನೆ ತಡೆಯಲಾಗುವುದಿಲ್ಲ.

ಸರಿ, ಮ್ಯಾನಿಫೋಲ್ಡಿಗೇ ಪೈಪ್ ಕೊಡೋಣ. ನಡುವೆ ವಾಲ್ವ್ ಯಾಕೆ?

ಮ್ಯಾನಿಫೋಲ್ಡಿನ ಎಳೆತ ಒಂದೇ ಸಮ ಇರುವುದಿಲ್ಲ, ಅದಕ್ಕೆ. ಅದೂ ಉಲ್ಟಾ. ಗ್ಯಾಸು ಕಡಿಮೆ ಹುಟ್ಟುವಾಗ ಎಳೆತ ಜೋರು. ಗ್ಯಾಸು ಜಾಸ್ತಿ ಹುಟ್ಟುವಾಗ ಎಳೆತ ಸತ್ತಿರುತ್ತದೆ. ವಾಲ್ವಿನ ಒಳಗೆ ಇರುವುದು ಒಂದು ಮೊನೆಯಾದ ಪಿನ್ನು, ಅದಕ್ಕೊಂದು ಸ್ಪ್ರಿಂಗು. ಇಷ್ಟರಲ್ಲೇ ಈ ಉಲ್ಟಾ ಲೆಕ್ಕವನ್ನು ಸರಿ ಮಾಡುತ್ತಾರೆ. ಆಗುಂಬೆಗೆ ಹೋಗಿಬರುವಷ್ಟು ಹೊತ್ತಿನಲ್ಲಿ ಅರ್ಥವಾಗುತ್ತದೆ, ಬನ್ನಿ.

ತೀರ್ಥಹಳ್ಳಿಯಲ್ಲಿ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದೀರಿ. ಐಡ್ಲಿಂಗು. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಮುಚ್ಚಿದೆ, ಪಿಸ್ಟನ್ನುಗಳು ಮುಚ್ಚಿದ ಬಾಗಿಲಿನ ಹಿಂದೆ ಗಾಳಿಗಾಗಿ ಹೀರುತ್ತಿವೆ. ಸ್ಕ್ಯಾನರ್ ಹಾಕಿದರೆ ಮ್ಯಾನಿಫೋಲ್ಡ್ ಒತ್ತಡ 30–40 ಕಿಲೋಪಾಸ್ಕಲ್ ತೋರಿಸುತ್ತದೆ. ಹೊರಗಿನ ಗಾಳಿಯದ್ದು ನಮ್ಮ ಎತ್ತರಕ್ಕೆ 94ರ ಆಸುಪಾಸು. ಈ ಅಂತರವೇ ಎಳೆತ, ಆ ಜೋರಿಗೆ ಪಿನ್ನು ಸ್ಪ್ರಿಂಗನ್ನು ಒತ್ತಿಕೊಂಡು ಮ್ಯಾನಿಫೋಲ್ಡ್ ಕಡೆಗೆ ಜಾರಿ ದಾರಿಯನ್ನು ಕಿರಿದು ಮಾಡುತ್ತದೆ. ಸೂಜಿ ಸಂದಿಯಷ್ಟು ಗಾಳಿ ಹೋಗುತ್ತದೆ. ಐಡ್ಲಿಂಗಿನಲ್ಲಿ ಗ್ಯಾಸೂ ಅಷ್ಟೇ ಹುಟ್ಟುವುದು, ಸಾಕು. ವಾಲ್ವ್ ಇಲ್ಲದ ಬರೀ ಪೈಪಾಗಿದ್ದರೆ ಬೇಕಾಬಿಟ್ಟಿ ಗಾಳಿ ನುಗ್ಗಿ ಎಂಜಿನ್ ನಡುಗುತ್ತಿತ್ತು.

ಹೊರಟಿರಿ. ಆಗುಂಬೆ ದಾರಿಯಲ್ಲಿ ಐವತ್ತು ಅರವತ್ತರಲ್ಲಿ ಹೋಗುವಾಗ ಥ್ರಾಟಲ್ ಅರ್ಧಂಬರ್ಧ ತೆರೆದಿದೆ, ಎಳೆತ ಸ್ವಲ್ಪ ತಗ್ಗಿದೆ. ಸ್ಪ್ರಿಂಗು ಪಿನ್ನನ್ನು ಹಿಂದಕ್ಕೆ ದೂಡುತ್ತದೆ, ದಾರಿ ಅಗಲವಾಗುತ್ತದೆ. ಚೇಂಬರು ಚೆನ್ನಾಗಿ ತೊಳೆದುಹೋಗುವುದು ಇಂಥ ಓಟದಲ್ಲೇ.

ಘಾಟಿ ಇಳಿಯಲು ಶುರು. ಹದಿನಾಲ್ಕು ತಿರುವು, ಸೆಕೆಂಡ್ ಗೇರಿನಲ್ಲಿ ಕಾಲು ತೆಗೆದು ಇಳಿಯುತ್ತೀರಿ. ಥ್ರಾಟಲ್ ಮುಚ್ಚಿದೆ, ಎಂಜಿನ್ ಮಾತ್ರ ಚಕ್ರದ ಬಲಕ್ಕೆ ಜೋರಾಗಿ ತಿರುಗುತ್ತಿದೆ. ಎಳೆತ ಐಡ್ಲಿಂಗಿಗಿಂತಲೂ ಹೆಚ್ಚು. ಪಿನ್ನು ಕಿರಿದಾದ ಕಡೆ ಹೋಗಿ ಕೂತಿರಬೇಕು. ಗಟ್ಟಿ ಆಯಿಲಿನಲ್ಲಿ ಅಂಟಿಕೊಂಡು ಅಗಲದಲ್ಲೇ ನಿಂತುಬಿಟ್ಟಿದ್ದರೆ? ಹದಿನಾಲ್ಕು ತಿರುವಿನುದ್ದಕ್ಕೂ ಆಯಿಲ್ ಹನಿಗಳನ್ನು ಮ್ಯಾನಿಫೋಲ್ಡಿಗೆ ಹೀರುತ್ತಲೇ ಇರುತ್ತದೆ. ಸೋಮೇಶ್ವರದ ಸಮತಟ್ಟಿಗೆ ಬಂದು ಆಕ್ಸಿಲರೇಟರ್ ಒತ್ತಿದಿರಿ, ಹಿಂದೆ ಬರುವವನ ಮುಖಕ್ಕೆ ನೀಲಿ ಹೊಗೆಯ ಮೋಡ. ಎಂಜಿನ್ ಹೆಡ್ಡಿನಲ್ಲಿರುವ ವಾಲ್ವುಗಳ ಸೀಲ್ ಸವೆದರೂ ಹೀಗೇ ಆಗುತ್ತದೆ, ಆದರೆ ಅದನ್ನು ಬದಲಿಸುವ ಕೆಲಸ ದೊಡ್ಡದು, ಇದು ಹತ್ತು ನಿಮಿಷದ್ದು. ಮೊದಲು ಯಾವುದನ್ನು ನೋಡಬೇಕು ನೀವೇ ಹೇಳಿ.

ವಾಪಸ್ ಹತ್ತುವಾಗ ಕಥೆ ತಿರುಗುಮುರುಗು. ಗಾಡಿ ತುಂಬ ಜನ, ಏಸಿ, ಕಾಲು ನೆಲಕ್ಕೆ. ಸಿಲಿಂಡರಿನಲ್ಲಿ ಒತ್ತಡ ಜೋರು, ರಿಂಗ್ ದಾಟುವ ಗ್ಯಾಸೂ ಜೋರು. ಥ್ರಾಟಲ್ ಪೂರ್ತಿ ತೆರೆದಿರುವುದರಿಂದ ಮ್ಯಾನಿಫೋಲ್ಡಿನಲ್ಲಿ ಎಳೆತವೇ ಇಲ್ಲ. ವಾಲ್ವಿನ ದಾರಿ ಅಗಲವಾಗಿದ್ದರೂ ಎಳೆಯುವವರು ಬೇಕಲ್ಲ? ಆಗ ಮಿಕ್ಕ ಗ್ಯಾಸು ಬ್ರೀದರ್ ಪೈಪಿನಲ್ಲಿ ಹಿಂದಕ್ಕೆ ಹೊರಟು ಏರ್ ಫಿಲ್ಟರ್ ಕಡೆಯಿಂದಲೇ ಎಂಜಿನ್ನಿಗೆ ಸೇರುತ್ತದೆ. ಇದು ಕೆಡುಕಲ್ಲ, ಹಾಗೆಯೇ ಮಾಡಿದ್ದಾರೆ. ಘಾಟಿ ಓಡಿಸುವವರ ಬ್ರೀದರ್ ಬಾಯಲ್ಲಿ ಒಂದು ಪದರ ಆಯಿಲ್ ಪಸೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಫಿಲ್ಟರೇ ನೆಂದು ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಲ್ವ್ ಕಟ್ಟಿದೆ ಅಥವಾ ರಿಂಗ್ ಸವೆದಿದೆ.

ಇನ್ನೊಂದು ಕೆಲಸವೂ ಇದೆ ಇದಕ್ಕೆ. ಮ್ಯಾನಿಫೋಲ್ಡಿನಲ್ಲಿ ಬ್ಯಾಕ್‌ಫೈರ್ ಆದರೆ ಪಿನ್ನು ಹಿಂದಕ್ಕೆ ಬಡಿದು ಬಾಗಿಲು ಹಾಕುತ್ತದೆ, ಬೆಂಕಿ ಚೇಂಬರಿಗೆ ಇಳಿಯುವುದಿಲ್ಲ.

ಕ್ಯಾಪ್‌ನಲ್ಲಿ ಬೆಣ್ಣೆ ಎಲ್ಲಿಂದ ಬರುತ್ತೆ? ಮಳೆ ನೀರು ಒಳಗೆ ಹೋಗುತ್ತಾ?

ಮಳೆ ನೀರಲ್ಲ, ಪೆಟ್ರೋಲಿನ ನೀರು. ಹೇಳಿದರೆ ಯಾರೂ ನಂಬುವುದಿಲ್ಲ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿದರೆ ಇನ್ನೇನಾಗಬೇಕು? ಬೆಳಿಗ್ಗೆ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಅದೇ ನೀರು. ಬಹುಪಾಲು ಹಾಗೆ ಹೊರಗೆ ಹೋಗುತ್ತದೆ, ಒಂದಿಷ್ಟು ರಿಂಗ್ ಸಂದಿಯಲ್ಲಿ ಇಳಿದು ಚೇಂಬರಿಗೆ ಬರುತ್ತದೆ.

ಕಡುಬು ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಒಳಗಡೆ ಹನಿ ಕಟ್ಟಿರುತ್ತದೆ. ಆಯಿಲ್ ಕ್ಯಾಪ್ ಎಂಜಿನ್ನಿನ ತಣ್ಣನೆಯ ತುದಿ. ಆವಿ ಅಲ್ಲಿ ಬಂದು ನೀರಾಗುತ್ತದೆ, ಆಯಿಲ್ ಹನಿ ಜೊತೆ ಕಡೆದುಕೊಂಡು ಬೆಣ್ಣೆಯ ಹಾಗೆ ಮೆತ್ತಿಕೊಳ್ಳುತ್ತದೆ. ಎಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಈ ನೀರು ಮತ್ತೆ ಆವಿಯಾಗಿ ಪಿಸಿವಿ ದಾರಿಯಲ್ಲಿ ಹೋಗಿಬಿಡುತ್ತದೆ.

ತೊಂದರೆ ನಮ್ಮ ಓಡಾಟದ್ದು. ಮನೆಯಿಂದ ಹಾಲಿನ ಡೈರಿಗೆ ಎರಡು ಕಿಲೋಮೀಟರ್, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಒಂದೂವರೆ, ಮಧ್ಯಾಹ್ನ ಸೊಸೈಟಿಗೆ ಮೂರು. ಜುಲೈ ತಿಂಗಳ ಥಂಡಿಯಲ್ಲಿ ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ಊರು ಬಂತು, ಆಫ್. ಮೀಟರಿನಲ್ಲಿ ಮುಳ್ಳು ನಡುವಿಗೆ ಬಂತಲ್ಲ ಅನ್ನುತ್ತೀರಿ. ಅದು ಕೂಲೆಂಟಿನ ಬಿಸಿ. ಆಯಿಲ್ ಬಿಸಿಯಾಗುವುದು ಅದಕ್ಕಿಂತ ನಿಧಾನ. ಹೀಗೆ ದಿನಕ್ಕೆ ನಾಲ್ಕು ಸಲ ನೀರು ಸೇರುತ್ತಲೇ ಹೋಗುತ್ತದೆ, ಆರುವುದಿಲ್ಲ. ವಾಲ್ವಿನ ಬಾಯಲ್ಲಿ, ಪೈಪಿನ ಬಾಗಿನಲ್ಲಿ ಅದೇ ಬೆಣ್ಣೆ ಕೂತು ದಾರಿ ಕಟ್ಟುತ್ತದೆ. ಕಟ್ಟಿದ ಮೇಲೆ ಇದ್ದ ನೀರೂ ಹೋಗುವುದಿಲ್ಲ.

ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಶಿವಮೊಗ್ಗಕ್ಕೋ ಸಾಗರಕ್ಕೋ ಒಂದು ನೆಪ ಹುಡುಕಿಕೊಳ್ಳಿ. ಮನೆಯವರಿಗೆ ಕಾರಣವಾಗಿ ನನ್ನ ಹೆಸರು ಹೇಳಿ, ಅಡ್ಡಿಯಿಲ್ಲ. ಮನೆ ಮುಂದೆ ನಿಲ್ಲಿಸಿ ಅರ್ಧ ಗಂಟೆ ಐಡ್ಲಿಂಗಿನಲ್ಲಿ ಬಿಟ್ಟರೆ ಆಗದಾ ಅಂದರೆ, ಆಗುವುದಿಲ್ಲ. ಲೋಡಿಲ್ಲದೆ ಆಯಿಲ್ ಕಾಯುವುದಿಲ್ಲ, ವಾಲ್ವೂ ಕಿರಿದಾಗಿಯೇ ಇರುತ್ತದೆ.

ಸಿಎನ್‌ಜಿ ಗಾಡಿಯವರಿಗೆ ಬೆಣ್ಣೆ ಇನ್ನೂ ಜಾಸ್ತಿ ಕಾಣಬಹುದು. ಆ ಗ್ಯಾಸಿನಲ್ಲಿ ಹೈಡ್ರೋಜನ್ ಹೆಚ್ಚು, ಅಷ್ಟೇ ದೂರ ಓಡಲು ಪೆಟ್ರೋಲಿಗಿಂತ ಹೆಚ್ಚು ನೀರು ಹುಟ್ಟುತ್ತದೆ.

ಹೆಡ್ ಗ್ಯಾಸ್ಕೆಟ್ ಹೋಗಿದ್ರೂ ಬಿಳಿ ಆಗುತ್ತಲ್ಲ, ಗೊತ್ತಾಗೋದು ಹೇಗೆ?

ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗು, ಅದು ಹೋದರೆ ಕೂಲೆಂಟ್ ಆಯಿಲಿಗೆ ಸೇರಬಹುದು. ಆಯಿಲ್ ಗೇಜಿನ ಕಡ್ಡಿ ಎಳೆದು ನೋಡಿ. ಕ್ಯಾಪಿನಲ್ಲಿ ಮಾತ್ರ ಬಿಳಿ, ಗೇಜಿನಲ್ಲಿ ಆಯಿಲ್ ಆಯಿಲಿನ ಹಾಗೇ ಇದೆ, ಕೂಲೆಂಟ್ ಇಳಿದಿಲ್ಲ ಅಂದರೆ ಬರೀ ಥಂಡಿಯ ಬೆಣ್ಣೆ. ಗೇಜಿನಲ್ಲೂ ಹಾಲು ಹಾಕಿದ ಕಾಫಿ ಬಣ್ಣ, ಕೂಲೆಂಟ್ ಇಳಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುತ್ತಿಲ್ಲ ಅಂದರೆ ಗಾಡಿ ಓಡಿಸಬೇಡಿ, ಟೋ ಮಾಡಿಸಿ.

ವಾಲ್ವ್ ಕಟ್ಟಿದರೆ ಏನೇನು ಕೆಡುತ್ತೆ?

ಒತ್ತಡಕ್ಕೆ ಎಲ್ಲಿ ಬಡವ ಸಿಕ್ಕರೆ ಅಲ್ಲಿಂದ ಆಯಿಲ್ ಹೊರಗೆ. ಟ್ಯಾಪೆಟ್ ಕವರ್ ಪ್ಯಾಕಿಂಗ್, ಮುಂದಿನ ಸೀಲು, ಕೆಲವು ಸಲ ಗೇಜಿನ ಕಡ್ಡಿಯೇ ಮೇಲೆದ್ದು ಬಂದಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು.

ಇದರಲ್ಲಿ ನಾನೇ ಮುಖ ಕೆಡಿಸಿಕೊಂಡಿದ್ದೇನೆ. ಗ್ಯಾರೇಜು ಹೊಸದು, ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರು. ಗೇರ್‌ಬಾಕ್ಸ್ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಗೇರ್‌ಬಾಕ್ಸ್ ಇಳಿಸಿ ಹಿಂದಿನ ಸೀಲ್ ಹಾಕಿದೆ. ಎರಡು ತಿಂಗಳಿಗೆ ಮತ್ತೆ ಬಂದರು. ಸೀಲೇ ಡೂಪ್ಲಿಕೇಟು ಅಂತ ಅಂಗಡಿಯವನನ್ನು ಬೈದು, ಮತ್ತೆ ಇಳಿಸಿ ಇನ್ನೊಂದು ಹಾಕಿದೆ, ಮಜೂರಿ ತಗೊಳ್ಳಲಿಲ್ಲ. ಮೂರನೇ ಸಲ ಅವರು ಸಿಟ್ಟು ಮಾಡಲಿಲ್ಲ, ಅದೇ ಜಾಸ್ತಿ ಚುಚ್ಚಿತು. "ಏನೋ ಬೇರೆ ಇರಬೇಕು ನೋಡಪ್ಪ" ಅಂದರು. ಪಿಸಿವಿ ಪೈಪ್ ಕಿತ್ತು ಬಾಯಲ್ಲಿ ಊದಿದೆ, ಉಸಿರು ಹೋಗಲಿಲ್ಲ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಬೆಲ್ಲದ ಪಾಕ ಗಟ್ಟಿಯಾದ ಹಾಗೆ ತುಂಬಿತ್ತು. ಪೈಪು, ವಾಲ್ವು, ಮೂರನೇ ಸೀಲು ಹಾಕಿದ ಮೇಲೆ ಆ ಗಾಡಿಯಲ್ಲಿ ಆಯಿಲ್ ಕಾಣಲಿಲ್ಲ. ಅಂಗಡಿಯವನ ಹತ್ತಿರ ಹೋಗಿ ತಪ್ಪಾಯಿತು ಅಂದು ಬಂದೆ.

ತೆರೆದೇ ಉಳಿದರೆ?

ಐಡ್ಲಿಂಗ್ ಏರಿಳಿತ, ಮಿಸ್ಸಿಂಗು, ಆಯಿಲ್ ಕಮ್ಮಿಯಾಗುವುದು, ಘಾಟಿ ಇಳಿದಾಗ ಹೊಗೆ. ಸ್ಕ್ಯಾನರಿನಲ್ಲಿ ಪಿ0171 ಕೋಡ್ ಬರಬಹುದು, ಅಂದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿದೆ ಅಂತ. ಈ ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವವರಿದ್ದಾರೆ. ಸೆನ್ಸರ್ ಪಾಪ ಇದ್ದದ್ದನ್ನು ಹೇಳಿದೆ. ಪೈಪ್ ಬಿರಿದಿದ್ದರೂ, ಇಲಿ ಕಡಿದಿದ್ದರೂ ಇದೇ ಲಕ್ಷಣ. ಅಡಿಕೆ ಕೊಯ್ಲಿನ ಸಮಯಕ್ಕೆ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಗಳಲ್ಲಿ ಇಲಿಯ ಕೆಲಸ ಸಾಕಷ್ಟು ನೋಡಿದ್ದೇನೆ.

ಮನೆಯಲ್ಲೇ ನೋಡಿಕೊಳ್ಳಬಹುದಾ?

ಬೇರೆಯಾಗಿ ಬಿಚ್ಚಲು ಬರುವ ವಾಲ್ವಾದರೆ, ಧಾರಾಳವಾಗಿ. ಎಂಜಿನ್ ತಣ್ಣಗಿರುವಾಗ ಕಿತ್ತು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಣಗಿದ ಗೋಟಡಿಕೆ ಸಿಪ್ಪೆಯೊಳಗೆ ಅಲ್ಲಾಡುತ್ತದಲ್ಲ, ಹಾಗೆ ಕಟಕಟ ಅನ್ನಬೇಕು. ಸದ್ದಿಲ್ಲ ಅಂದರೆ ಪಿನ್ನು ಅಂಟಿದೆ. ಸದ್ದಿದೆ ಅಂದ ಮಾತ್ರಕ್ಕೆ ಪಾಸಾಗಲಿಲ್ಲ, ಸ್ಪ್ರಿಂಗ್ ಸೋತಿದ್ದರೂ ಸದ್ದು ಬರುತ್ತದೆ.

ಎರಡನೆಯದು, ವಾಲ್ವನ್ನು ಪೈಪಿನಲ್ಲೇ ಬಿಟ್ಟು ಟ್ಯಾಪೆಟ್ ಕವರಿನಿಂದ ಮಾತ್ರ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ ವಾಲ್ವಿನ ಬಾಯಿಗೆ ಬೆರಳು ಇಡಿ. ಬೆರಳನ್ನು ಹಿಡಿದೆಳೆಯಬೇಕು, ಪಿನ್ನು ಟಕ್ ಅನ್ನುವುದು ಕೈಗೆ ತಿಳಿಯಬೇಕು. ಎಳೆತ ಇಲ್ಲದಿದ್ದರೆ ವಾಲ್ವೋ ಪೈಪೋ ಕಟ್ಟಿದೆ. ಫ್ಯಾನಿನಿಂದ, ಬೆಲ್ಟಿನಿಂದ ಕೈ, ಶಾಲು, ಸೆರಗು ದೂರ ಇರಲಿ.

ಮೂರನೆಯದು, ಎಲ್ಲ ಜೋಡಿಸಿದ ಮೇಲೆ ಐಡ್ಲಿಂಗಿನಲ್ಲಿ ಆಯಿಲ್ ಕ್ಯಾಪ್ ತೆಗೆದು ಆ ಬಾಯಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಿಡಿಯಿರಿ. ಕೊಂಚ ಒಳಗೆ ಎಳೆದುಕೊಂಡರೆ ಸರಿ. ಬಲೂನಿನ ಹಾಗೆ ಉಬ್ಬಿದರೆ ಸರಿಯಿಲ್ಲ.

ತೊಳೆದು ಹಾಕಬಹುದಾ, ಹೊಸದೇ ಬೇಕಾ?

ಲೋಹದ ಹಳೇ ನಮೂನೆಯದ್ದಾದರೆ ಕಾರ್ಬ್ ಕ್ಲೀನರ್ ಹೊಡೆದು ತೊಳೆದು ಅವಸರಕ್ಕೆ ಓಡಿಸಬಹುದು. ರಬ್ಬರ್ ಡಯಾಫ್ರಮ್ ಇರುವುದಕ್ಕೆ ಅದನ್ನು ಹೊಡೆಯಲೇಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬಿಡಿಯಾಗಿ ಸಿಗುವ ಗಾಡಿಗಳಲ್ಲಿ ಇದರ ಬೆಲೆ ಆಯಿಲ್ ಚೇಂಜಿಗಿಂತ ಕಡಿಮೆ, ಹೊಸದೇ ಹಾಕಿ. ನಿಮ್ಮ ಎಂಜಿನ್ನಿಗೆಂದೇ ಇರುವ ಪಾರ್ಟ್ ನಂಬರ್ ಕೇಳಿ ತನ್ನಿ. ಒಂದೇ ಅಳತೆ ಕಂಡಿತು ಅಂತ ಬೇರೆ ಗಾಡಿಯದ್ದನ್ನು ಸಿಕ್ಕಿಸಿದರೆ ಒಳಗಿನ ಸ್ಪ್ರಿಂಗು, ತೂತಿನ ಅಳತೆ ಬೇರೆ ಇರುತ್ತದೆ.

ಡೀಸೆಲ್ ಗಾಡಿಗೂ ಇದೇ ಕಥೆಯಾ?

ಸ್ವಲ್ಪ ಬೇರೆ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನಂಥ ಥ್ರಾಟಲ್ ಎಳೆತ ಇರುವುದಿಲ್ಲ, ಹಾಗಾಗಿ ಪಿನ್ನು-ಸ್ಪ್ರಿಂಗಿನ ವಾಲ್ವ್ ಬದಲು ಡಯಾಫ್ರಮ್ಮು, ಆಯಿಲ್ ಬೇರ್ಪಡಿಸುವ ಡಬ್ಬ ಇಟ್ಟು ಗ್ಯಾಸನ್ನು ಗಾಳಿ ಒತ್ತಿ ತುಂಬುವ ಟರ್ಬೋದ ಮುಂದೆ ಸೇರಿಸುತ್ತಾರೆ. ಟರ್ಬೋ ಪೈಪಿನಲ್ಲಿ ಒಂಚೂರು ಆಯಿಲ್ ಕಂಡ ಕೂಡಲೇ "ಟರ್ಬೋ ಹೋಯ್ತು" ಅನ್ನಬೇಡಿ. ಟರ್ಬೋ ಪೆಟ್ರೋಲಿಗೆ ಎರಡು ದಾರಿ, ಬೂಸ್ಟ್ ಬಂದಾಗ ಮ್ಯಾನಿಫೋಲ್ಡಿನ ಒತ್ತಡ ಚೇಂಬರಿಗೆ ನುಗ್ಗದ ಹಾಗೆ ಒಂದು ಚೆಕ್ ವಾಲ್ವ್.

ಕ್ಯಾಚ್ ಕ್ಯಾನ್ ಹಾಕಿಸ್ಲಾ ಅಣ್ಣ?

ಹುಡುಗರ ಪ್ರಶ್ನೆ. ಪಿಸಿವಿ ಪೈಪಿನ ನಡುವೆ ಇಟ್ಟು ಆಯಿಲ್ ಹನಿ ಹಿಡಿಯುವ ಡಬ್ಬಕ್ಕೆ ಕ್ಯಾಚ್ ಕ್ಯಾನ್ ಅನ್ನುತ್ತಾರೆ. ಸಿಲಿಂಡರಿಗೇ ನೇರ ಇಂಜೆಕ್ಷನ್ ಇರುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವನ್ನು ಪೆಟ್ರೋಲ್ ತೊಳೆಯುವುದಿಲ್ಲ, ಈ ಆಯಿಲ್ ಮಂಜು ಅಲ್ಲಿ ಕಾರ್ಬನ್ ಕಟ್ಟುತ್ತದೆ, ಅಂಥವಕ್ಕೆ ಅರ್ಥವಿದೆ. ಮಾಮೂಲಿ ಕಾರಿಗೆ ಬೇಡ. ನಮ್ಮ ಮಳೆಗಾಲದಲ್ಲಿ ಆ ಡಬ್ಬ ಕಂದು ನೀರಿನಿಂದ ಬೇಗ ತುಂಬುತ್ತದೆ, ಖಾಲಿ ಮಾಡಲು ಮರೆತರೆ ಅದನ್ನೇ ಎಂಜಿನ್ ಹೀರುತ್ತದೆ. ವಾರಂಟಿಯಲ್ಲಿರುವ ಗಾಡಿಗೆ ಮುಟ್ಟಲೇಬೇಡಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಗಾಡಿಯ ಕೈಪಿಡಿಯಲ್ಲಿ ಇದ್ದರೆ ಅದರಂತೆ. ಇಲ್ಲದಿದ್ದರೆ, ಸಣ್ಣ ಓಡಾಟದ ಮಲೆನಾಡಿನ ಗಾಡಿಗೆ ನಾನು ಮಾಡುವುದು ಇಷ್ಟು: ಪ್ರತಿ ಮೇ ತಿಂಗಳ ಸರ್ವೀಸಿನಲ್ಲಿ ಕಿತ್ತು ನೋಡುವುದು, ಪೈಪಿಗೆ ಊದುವುದು, ಆಯಿಲನ್ನು ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು.

ಕೀಳುವಾಗ ಒಂದು ಜಾಗ್ರತೆ. ಹಳೇ ಗ್ರೋಮೆಟ್ಟು ಬಿಸಿಗೆ ಬೆಂದು ಒಣ ರೊಟ್ಟಿಯ ಹಾಗೆ ಆಗಿರುತ್ತದೆ. ವಾಲ್ವನ್ನು ಜಗ್ಗಿದರೆ ಚೂರು ಮುರಿದು ಟ್ಯಾಪೆಟ್ ಕವರಿನೊಳಗೆ ಬೀಳುತ್ತದೆ. ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎತ್ತಿ, ಹೊಸ ಗ್ರೋಮೆಟ್ಟನ್ನು ಮೊದಲೇ ತಂದಿಟ್ಟುಕೊಂಡಿರಿ. ಬಿದ್ದೇ ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮುರಿದ ಚೂರುಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಜೋಡಿಸಿ ಗ್ರೋಮೆಟ್ಟು ಪೂರ್ತಿಯಾಯಿತಾ ಅಂತ ನೋಡಿ. ಒಂದು ಚೂರು ಕಮ್ಮಿ ಇದ್ದರೂ ಕವರ್ ಬಿಚ್ಚಿ ಹುಡುಕಿ. ಹೋದ ಮಳೆಗಾಲದಲ್ಲಿ ನಮ್ಮ ಹುಡುಗ ಹೀಗೆ ಕವರ್ ಬಿಚ್ಚಿ ಟಾರ್ಚು ಹಿಡಿದು ಒಂದು ಗಂಟೆ ಹುಡುಕಿದ. ಚೂರು ಅವನ ಅಂಗಿಯ ಜೇಬಿನಲ್ಲೇ ಇತ್ತು.